ಐದನೇ ಮಹಡಿಗೆ ಒಯ್ದ ಸುದ್ದಿ

ನಲವತ್ತೊಂದು ಸಾವಿರ ಡಾಲರ್. ತೊಲೆಗೆನ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದ. ಅಂಕಿ ಅಲ್ಲೇ ಇತ್ತು. ಫೋನಿನ ಪರದೆಯಲ್ಲಿ ಹಸಿರು ಮೇಜು, ಸುತ್ತ ಆರು ಹೆಸರುಗಳು; ‘ಬಾನಾಡಿ’ ಎಂಬ ಹೆಸರಿನ ಮುಂದೆ ಅಷ್ಟೂ ದುಡ್ಡು ಬಂದು ಬಿದ್ದಿತ್ತು. ಬಾನಾಡಿ ಅಂದರೆ ಮತ್ಯಾರಲ್ಲ, ಇದೇ ಕಟ್ಟಡದ ಐದನೇ ಮಹಡಿಯ ಮೇಯಿರ್ಬೆಕ್, ತೊಲೆಗೆನ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ, ನೆಟ್ ಕೈಕೊಡದ ದೊಡ್ಡ ಊರೆಂದು ಅಲ್ಮಾತಿಗೆ ಹೋಗಿ ಅಲ್ಲಿಂದ ಆಡುತ್ತಿದ್ದ.

ಅಮೆರಿಕದಲ್ಲಿ ರಾತ್ರಿಯೂಟ ಮುಗಿಸಿ ದೊಡ್ಡ ಕುಳಗಳು ಪೋಕರ್‌ಗೆ ಕೂರುವಾಗ ಇತ್ತ ಇವರ ಊರು ಕರಗಂದಿಯಲ್ಲಿ ಬೆಳಗಿನ ಚಹಾದ ಹೊತ್ತು. ಬಾಯ್ಲರ್ ಮನೆಯ ಪಾಳಿಗೆ ಹೊರಡುವ ಮುಂಚೆ ಒಂದು ಗಂಟೆ ಆ ಮೇಜುಗಳನ್ನು ನೋಡುವುದು ತೊಲೆಗೆನ್‌ನ ಆರು ವರ್ಷದ ಚಟ. ನೋಡುವುದಕ್ಕೇನು, ಕಾಸು ಕೊಡಬೇಕಾಗಿಲ್ಲವಲ್ಲ. ಅವನೂ ಆಡುತ್ತಿದ್ದ, ಆದರೆ ಸೆಂಟಿನ ಮೇಜಿನಲ್ಲಿ. ಹತ್ತು ಡಾಲರ್ ಇಪ್ಪತ್ತಾಯಿತೋ, ಮುಗಿಯಿತು; ಯಾರು ಕಾಲು ಹಿಡಿದರೂ ಕೂರುವ ಪೈಕಿಯಲ್ಲ. ಆಡುವವರೆಲ್ಲ ಹಾಗೇ ಏಳುತ್ತಾರೆಂದು ಪಾಪ, ಅವನು ತಿಳಿದಿದ್ದ.

ಮೇಯಿರ್ಬೆಕ್ ಅಂತೂ ಆಣೆಯನ್ನೇ ಮಾಡಿದ್ದ. ತೀರಿಕೊಂಡ ಅಪ್ಪನ ಕಾರು ಮಾರಿ, ತನ್ನ ಗಳಿಕೆ ಸೇರಿಸಿ, ಇಪ್ಪತ್ತು ಸಾವಿರದೊಂದಿಗೆ ಕೂರುತ್ತೇನೆ; ನಲವತ್ತಾದ ಕೂಡಲೇ ಎದ್ದು, ಆಮೇಲೆ ಇಸ್ಪೀಟು ಮುಟ್ಟುವುದಿಲ್ಲ ಎಂದು ತಾಯಿ ಬಲ್ಜಾನ್ ಅಪಾ ಎದುರು ರೊಟ್ಟಿ ಮುಟ್ಟಿ ಹೇಳಿದ್ದ. ನಲವತ್ತಕ್ಕೆ ಎದುರು ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಗುತ್ತಿತ್ತು. ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಂಡಿ ಹಿಡಿದುಕೊಂಡ ಮೇಲೆ ಅಪಾ ಒಂದು ವರ್ಷದಿಂದ ಬೀದಿಯ ಮುಖ ಕಂಡಿರಲಿಲ್ಲ.

ಒಳ್ಳೆಯ ಸುದ್ದಿಯನ್ನು ಮೊದಲು ತಂದವನಿಗೆ ಸುಯಿನ್ಶಿ ಸಲ್ಲಬೇಕು. ಮನೆಯವರು ಏನಾದರೂ ಉಡುಗೊರೆ ಕೊಟ್ಟೇ ಕಳಿಸಬೇಕು. ಎರಡನೆಯವನಾಗಿ ಹೋದರೆ ಬರೀ ಚಹಾ. ಮೇಯಿರ್ಬೆಕ್ ತಾನೇ ಫೋನ್ ಮಾಡುವುದರೊಳಗೆ ಮುಟ್ಟಬೇಕೆಂದು ತೊಲೆಗೆನ್ ಮನೆಯ ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿದ. ಮೂರನೇ ಮಹಡಿಯಲ್ಲಿ ಏದುಸಿರು ಬಂತು. ಫೋನನ್ನು ಜೇಬಿಗೆ ಹಾಕಿಕೊಂಡು ಕಂಬಿ ಹಿಡಿದು ಹತ್ತಿದ.

“ಸುಯಿನ್ಶಿ ಕೊಡಿ ಅಪಾ,” ಎಂದ, ಬಾಗಿಲು ತೆರೆಯುತ್ತಿದ್ದಂತೆ. “ನಲವತ್ತೊಂದು.”

“ಎದ್ನಾ?”

ಎದ್ದನೆಂದು ತೊಲೆಗೆನ್ ಕಣ್ಣಾರೆ ಕಂಡವನ ಹಾಗೆ ಹೇಳಿದ. ಅಪಾ ಅವನ ಹಣೆಗೆ ಮುತ್ತಿಟ್ಟರು. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಗಂಡನ ನರಿತುಪ್ಪಳದ ಟೋಪಿ ತಂದು ತಾವೇ ಅವನ ತಲೆಗೆ ತೊಡಿಸಿದರು. ಇದು ಹೆಚ್ಚಾಯಿತು ಎಂದು ಅವನು ಅಂದರೂ ಕೇಳಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು, ಅಲಮಾರಿಯ ಅಡಿಯಿಂದ ಬೂಟು ಎಳೆದುಕೊಂಡರು. ಎದುರು ಕಟ್ಟಡದ ಆ ಮನೆಗೆ ಬಿಸಿಲು ಬೀಳುತ್ತದೋ ಇಲ್ಲವೋ ಈಗಲೇ ನೋಡಬೇಕಂತೆ. ಇಳಿಯುವಾಗ ಇವನು ಕೈ ಹಿಡಿದರೆ ಸಾಕಂತೆ. ಎರಡು ಕಾಲಿಗೂ ಬೂಟು ಹಾಕಿ ಲೇಸು ಬಿಗಿಯುವಷ್ಟರಲ್ಲಿ ಹಣೆಯಲ್ಲಿ ಬೆವರು ಬಂದಿತ್ತು. ಮುಖ ಮಾತ್ರ ಅರಳಿಹೋಗಿತ್ತು.

“ಆ ಅಂಕಿ ನನಗೂ ತೋರಿಸಪ್ಪ,” ಎಂದರು. “ನಾನೂ ನೋಡ್ದೆ ಅಂತ ಅವನಿಗೆ ಹೇಳ್ಬೇಕು.”

ತೊಲೆಗೆನ್ ಕಿಟಕಿಯ ಬಳಿ ಹೋಗಿ ಫೋನ್ ತೆರೆದ. ಮೇಜು ಬಂತು. ಬಾನಾಡಿ ಇನ್ನೂ ಕೂತೇ ಇದ್ದ. ಅವನ ಮುಂದೆ ದುಡ್ಡಿರಲಿಲ್ಲ, ಅಷ್ಟೂ ಮೇಜಿನ ನಡುವೆ ಇತ್ತು. ಎಲೆಗಳು ತೆರೆದುಕೊಂಡಿದ್ದವು: ಇವನದು ಮೂರು ಎಂಟು, ಎದುರಿನವನದು ಮೂರು ರಾಣಿ. ಏಳೋ ಮಾರಾಯ ಎಂದು ತೊಲೆಗೆನ್ ಮನಸ್ಸಿನಲ್ಲೇ ಕೂಗಿಕೊಂಡ, ಆಗಿಹೋದದ್ದು ಆಗಿಹೋಗಿದೆಯೆಂದು ಗೊತ್ತಿದ್ದೂ. ದುಡ್ಡು ಆಚೆ ಕಡೆಗೆ ಸರಿಯಿತು. ಬಾನಾಡಿಯ ಹೆಸರು ಅಳಿಸಿ, ಜಾಗ ಖಾಲಿಯಾಯಿತು.

ತೊಲೆಗೆನ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅಪಾ ಎದುರು ಬಂದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಎದ್ದಿರಲಿಲ್ಲ, ನಾನು ಅವಸರ ಮಾಡಿದೆ, ಈಗ ಏನೂ ಉಳಿದಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಅಪಾ ಟೋಪಿಯ ಕಡೆ ಕೈ ತೋರಿಸಿದರು.

“ಟೋಪಿ ಹಾಕ್ಕೋ,” ಎಂದರು. “ಕೊಟ್ಟ ಸುಯಿನ್ಶಿ ವಾಪಸ್ ಇಸ್ಕೊಳ್ಳೋದು ನಮ್ಮಲ್ಲಿಲ್ಲ.” ಆಮೇಲೆ, “ಅವನಿಗೆ ಫೋನ್ ಮಾಡು. ಅಮ್ಮಂಗೆ ಇನ್ನೂ ಗೊತ್ತಿಲ್ಲ ಅಂತ ಹೇಳು. ಇಲ್ಲಾಂದ್ರೆ ಮನೆಗೆ ಬರಲ್ಲ ಅವನು.”

ತೊಲೆಗೆನ್ ಟೋಪಿ ಹಾಕಿಕೊಂಡ. ನಂಬರ್ ಒತ್ತಿದ. ಅತ್ತ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಅಪಾ ಲೇಸು ಬಿಚ್ಚಲು ಬಗ್ಗಿದರು. ಈ ಸಲ ಕೈ ಅಲ್ಲಿಯವರೆಗೆ ಹೋಗಲಿಲ್ಲ. ಅವನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಿಗಿಯಾಗಿ ಬಿದ್ದಿದ್ದ ಗಂಟನ್ನು ಬಿಡಿಸತೊಡಗಿದ.