ಮಚ್ಚಿಲ್ಲದ ಮನೆ

"ಅಟ್ಟದ ಮೇಲಿಲ್ಲ, ರೇಷ್ಮೆ ಹುಳದ ಮನೇಲೂ ಇಲ್ಲ. ಇದೆಂಥ ಒಕ್ಕಲು ಮನೆ ಅತ್ತಿಗೆ, ಒಂದು ಮಚ್ಚು ಇಲ್ವಲ್ಲ!"

ಅನಂತರಾಜು ತಲೆಗೆ ಮೆತ್ತಿದ ಜೇಡರ ಬಲೆ ಕೊಡವಿಕೊಳ್ಳುತ್ತ ಏಣಿ ಇಳಿದ. ಹೊರಗೆ ಚಪ್ಪರದಡಿ ಅವನ ಅಣ್ಣ ಹುಚ್ಚಯ್ಯನ ಹೆಣಕ್ಕೆ ನೀರು ಹಾಕಿ ಮುಗಿದಿತ್ತು. ಮಡಕೆ ತುಂಬಿಟ್ಟಿದ್ದರು. ಮಡಕೆ ಹೊತ್ತವನು ಗುಂಡಿಯ ಸುತ್ತ ಮೂರು ಸುತ್ತು ಬರಬೇಕು. ಅವನ ಹಿಂದೆ ನಡೆಯುವವನು ಸುತ್ತಿಗೊಂದರಂತೆ ಮಚ್ಚಿನ ಮೂತಿಯಿಂದ ಮಡಕೆಗೆ ತೂತು ಹೊಡೆಯಬೇಕು. ಹುಚ್ಚಯ್ಯನಿಗೆ ಮಕ್ಕಳಿಲ್ಲ, ಹಾಗಾಗಿ ಮಡಕೆ ಹೊರಬೇಕಾದವನು ತಮ್ಮನೇ.

ಗೋಡೆಗೆ ಒರಗಿ ಕೂತಿದ್ದ ಮಾರಕ್ಕ ಗಂಡನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು. "ಹುಡುಕ್ಬೇಡ ಬುಡಪ್ಪ. ಮಚ್ಚಿಲ್ಲ, ಕುಡ್ಗೋಲೂ ಇಲ್ಲ. ಜೈಲಿಂದ ಬಂದ ದಿನವೇ ಎಲ್ಲಾನೂ ಗುಜರಿಗೆ ಹಾಕ್ಬುಟ್ರು. ಐದು ವರ್ಸದಿಂದ ತೆಂಗಿನಕಾಯೂ ಕಲ್ಲಿಗೆ ಕುಟ್ಕೊಂಡೇ ತಿಂದಿದ್ದೀವಿ."

"ಯಾಕೆ?"

"ನಮ್ ಅನಂತ ಹೆದರ್ಕೋತಾನೆ ಕಣೆ, ಅವನ ಕಣ್ಣಿಗೆ ಬೀಳ್ಬಾರ್ದು ಅನ್ನೋರು." ಅವಳು ದನಿ ತಗ್ಗಿಸಿದಳು. "ನೀನು ಆ ಮೇಡಂಗೆ ಹೇಳಿದ್ದನ್ನ ಜೈಲಲ್ಲಿ ಓದಿ ಹೇಳಿದ್ರಂತೆ. ನಾನು ನಿನ್ನ ಬಾಯಿಗೆ ಬಂದಂಗೆ ಬೈದೆ. ಅವ್ರು ಬುಡು ಅಂದ್ರು. ಬುಟ್ಟೆ."

ಅನಂತರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರವರೆಲ್ಲ ಹಿಪ್ಪುನೇರಳೆ ಕಡ್ಡಿಯನ್ನು ಕುಡುಗೋಲಿನಿಂದ ಸರಸರ ಕೊಯ್ದು ಹೊರೆ ಕಟ್ಟುವಾಗ ಅಣ್ಣನೊಬ್ಬ ಸೊಂಟಕ್ಕೆ ಪಂಚೆ ಕಟ್ಟಿಕೊಂಡು ಒಂದೊಂದೇ ಎಲೆ ಬಿಡಿಸುತ್ತಿದ್ದ. "ಏನಣ್ಣ, ಜೈಲಲ್ಲಿ ಹೂ ಬಿಡ್ಸೋದು ಕಲಿಸಿದ್ರಾ? ಹುಳ ಉಪವಾಸ ಸಾಯ್ತವೆ ನೋಡು" ಎಂದು ಇವನೇ ಹತ್ತು ಜನರೆದುರು ಆಡಿಕೊಂಡಿದ್ದ. ಅಣ್ಣ ಸುಮ್ಮನೆ ನಕ್ಕಿದ್ದ. ನಿನ್ನೆ ಬೆಳಿಗ್ಗೆ ಸಾಲಿನ ನಡುವೆ ಎದೆ ಹಿಡಿದುಕೊಂಡು ಬಿದ್ದಾಗಲೂ ಮಡಿಲಲ್ಲಿ ಅರ್ಧ ಪಂಚೆ ಎಲೆಯಿತ್ತು.

*

ಆ ಮೇಡಂ ಬಂದದ್ದು ಒಂಬತ್ತು ವರ್ಷದ ಹಿಂದೆ. ನಯನಾ ಎಂದು ಹೆಸರು, ಪ್ರೊಬೇಷನ್ ಆಫೀಸರು. ಕೋಡಿಹಳ್ಳಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ನೀರಿನ ಸರದಿಯ ಜಗಳದಲ್ಲಿ ಪಕ್ಕದ ತೋಟದ ಮರಿಯಪ್ಪನನ್ನು ಒಂದೇ ಏಟಿಗೆ ಕಡಿದು ಕೊಂದ ಹುಚ್ಚಯ್ಯನಿಗೆ ಆಗ ಜೈಲಿನಲ್ಲಿ ಹದಿನಾಲ್ಕು ವರ್ಷ ತುಂಬಿತ್ತು. ಸನ್ನಡತೆಯ ಮೇಲೆ ಬಿಡಬಹುದೇ ಎಂದು ವಿಚಾರಿಸಲು ಬಂದಿದ್ದರು.

"ನಿಮ್ಮಣ್ಣನನ್ನ ಬಿಟ್ರೆ ಮತ್ತೆ ಇಂಥದ್ದು ಮಾಡೋ ಸಂಭವ ಇದೆಯಾ? ಮನೆಯವರ ಮಾತಿಗೆ ತೂಕ ಜಾಸ್ತಿ. ಯೋಚನೆ ಮಾಡಿ ಹೇಳಿ."

ಅನಂತರಾಜು ಯೋಚನೆ ಮಾಡಿದ್ದ. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ನಡುವಿನ ಬೇಲಿ ಕಿತ್ತು ಅಣ್ಣನ ತೋಟವನ್ನು ತನ್ನದಕ್ಕೆ ಸೇರಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಮೇಡಂಗೆ ಹೆದರಿಕೆಯನ್ನಷ್ಟೇ ತೋರಿಸಿದ.

"ಸಿಟ್ಟು ಬಂದ್ರೆ ಅವನ ಕೈ ಮಚ್ಚಿಗೇ ಹೋಗೋದು ಮೇಡಂ. ಮತ್ತೆ ಮಾಡೇ ಮಾಡ್ತಾನೆ. ನಮಗೂ ಹೆಂಡ್ತಿ ಮಕ್ಕಳವ್ರೆ."

ಒಳಗಿನಿಂದ ಅವ್ವ ಕೂಗಿ ಕೇಳಿದ್ದಳು. "ಯಾರ್ಲಾ ಅದು? ಅಣ್ಣನ್ನ ಯಾವಾಗ ಬುಡ್ತಾರಂತೆ?"

"ಬುಡ್ತಾರೆ ಸುಮ್ನಿರವ್ವ" ಎಂದು ಹೇಳಿ ಸಹಿ ಹಾಕಿದ್ದ.

ಬಿಡಲಿಲ್ಲ. ಇನ್ನೂ ನಾಲ್ಕು ವರ್ಷ ಹೋಯಿತು. ನಡುವೆ ಅವ್ವ ತೀರಿಕೊಂಡಳು. ಅದೇ ಹೇಳಿಕೆ ಕಾಗದದಲ್ಲಿ ಕೂತಿದ್ದರಿಂದ ಮಣ್ಣಿಗೆ ಬರಲೂ ಪೆರೋಲ್ ಸಿಗಲಿಲ್ಲ. ಕೊನೆಗೆ ಬಂದ ಹುಚ್ಚಯ್ಯ ಕೇಳಿದ್ದು ಇಷ್ಟೇ. "ನಂಗೆ ತೋಟದ ಆ ಕೊನೇ ನಾಲ್ಕು ಸಾಲು ಬುಡು, ಸಾಕು ಕಣ್ಲಾ." ಅನಂತರಾಜು ನಾಲ್ಕು ಸಾಲೇ ಬಿಟ್ಟ, ಪುಣ್ಯಾತ್ಮ.

*

"ಮಚ್ಚು ನಾನ್ ತಂದಿವ್ನಿ, ನಡೀರಿ."

ಗೇಟಿನ ಬಳಿ ಜಯಕುಮಾರ್ ನಿಂತಿದ್ದ. ಸತ್ತ ಮರಿಯಪ್ಪನ ಮಗ. ಜನ ದಾರಿ ಬಿಟ್ಟರು. ಅವನು ಹೆಣದ ಕಾಲಿಗೆ ಕೈಮುಗಿದು ಅನಂತರಾಜುವಿನ ಪಕ್ಕಕ್ಕೆ ಬಂದ.

"ನೀನ್ಯಾಕ್ಲಾ ಬಂದೆ? ನಿಮ್ಮಪ್ಪನ್ನ..."

"ಅಪ್ಪನ್ನ ಕಡ್ದಿದ್ದು ನಂಗೆ ಮರ್ತಿಲ್ಲ. ನಿಮ್ಮಣ್ಣ ಜೈಲಿಂದ ಬಂದ ಮೊದಲನೇ ವಾರ ನಮ್ಮ ಬಾಗಿಲಿಗೆ ಬಂದು ಕೂತ್ಕಂಡು ಅತ್ತ. ನಾನೂ ಅತ್ತೆ. ಆ ಮೇಡಂ ನನ್ನನ್ನೂ ಕೇಳಿದ್ರು ಗೊತ್ತಾ? ಬುಡಿ ಮೇಡಂ, ಅವನವ್ವ ಮುದುಕಿ ಕಾಯ್ತಾವ್ಳೆ ಅಂದೆ. ಊರಲ್ಲಿ ಯಾವನೋ ಬೇಡ ಅಂದವ್ನೆ. ಯಾವನು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ಸಿಕ್ಕಿದ್ರೆ ಒಸಿ ಕೇಳ್ಬೇಕು ಕಣಣ್ಣ."

ಅನಂತರಾಜು ಟವಲಿನಿಂದ ಮುಖ ಒರೆಸಿಕೊಂಡ. ಮಾರಕ್ಕ ಇಬ್ಬರನ್ನೂ ನೋಡಿದಳು. ಅವಳೇ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಗುಂಡಿ ತೋಡಿದ್ದು ಆ ನಾಲ್ಕು ಸಾಲಿನ ಕೊನೆಯಲ್ಲಿ. ಅಣ್ಣ ಎಲೆ ಬಿಡಿಸಿದ ಕಡ್ಡಿಗಳು ಬರಿದಾಗಿ ನಿಂತಿದ್ದವು. ಅನಂತರಾಜು ಮಡಕೆಯನ್ನು ಎಡ ಹೆಗಲಿಗೇರಿಸಿದ.

"ಹಿಂದಕ್ಕೆ ತಿರುಗಿ ನೋಡ್ಬಾರ್ದು ಕಣಪ್ಪ" ಎಂದರು ಹಿರಿಯರೊಬ್ಬರು.

ಮೊದಲ ಸುತ್ತು. ಟಕ್ ಎಂದಿತು. ಸಣ್ಣ ಧಾರೆ ಬೆನ್ನ ಮೇಲಿಳಿಯಿತು.

ಎರಡನೇ ಸುತ್ತು. ಟಕ್.

ಮೂರನೆಯ ಸುತ್ತಿನ ಅರ್ಧಕ್ಕೆ ಅವನ ಕಾಲು ನಿಂತುಬಿಟ್ಟಿತು. ಈಗ ಬಾಯಿ ಬಿಡದಿದ್ದರೆ ಅಣ್ಣನ ಮೇಲೆ ಮಣ್ಣು ಬೀಳುತ್ತದೆ, ಆಮೇಲೆ ಯಾರ ಎದುರು ಹೇಳುವುದು?

"ಜಯಕುಮಾರ, ಬೇಡ ಅಂದವ್ನು ನಾನೇ ಕಣ್ಲಾ" ಎಂದ. ದನಿ ಎಲ್ಲರಿಗೂ ಕೇಳಿಸಿತು. "ತೋಟದಾಸೆಗೆ ಅಂದ್ಬುಟ್ಟೆ. ಅವ್ವನ ಮಣ್ಣಿಗೂ ಬರಕ್ಕಾಗ್ದಂಗೆ ಮಾಡ್ಬುಟ್ಟೆ."

ಹಿಂದೆ ಹೆಜ್ಜೆ ನಿಂತಿತು. ತಿರುಗಿ ನೋಡುವ ಹಾಗಿರಲಿಲ್ಲ. ಅನಂತರಾಜುವಿನ ಕುತ್ತಿಗೆ ತಾನಾಗಿ ಭುಜದೊಳಗೆ ಇಳಿಯಿತು. ಮಡಕೆಯ ನೀರು ಅಂಗಿಯೊಳಗೆ ಹರಿದು ಪಂಚೆ ತೊಯ್ದು ಪಾದದ ಹತ್ತಿರ ಕೆಸರಾಗುತ್ತಿತ್ತು.

"ನಡಿ" ಎಂದ ಜಯಕುಮಾರ್.

ನಡೆದ. ಅವನ ಕಿವಿಯ ಪಕ್ಕದಲ್ಲೇ, ಮೊಟ್ಟೆ ಒಡೆಯುವಷ್ಟು ಮೆಲ್ಲಗೆ, ಮಚ್ಚಿನ ಮೂತಿ ಮಡಕೆಗೆ ತಗುಲಿತು. ಮಡಕೆ ಹಿಂದಕ್ಕೆ ಎಸೆದು, ಅದು ಒಡೆದ ಸದ್ದಾಗಿ, ಜನ ಮಣ್ಣು ಹಾಕಲು ಮುಂದೆ ಬಂದರೂ ಅನಂತರಾಜು ಭುಜದೊಳಗೆ ತಲೆ ಹುದುಗಿಸಿಕೊಂಡು ಹಾಗೇ ನಿಂತಿದ್ದ.