ಎತ್ತುವ ಕೈ

ಪಾರ್ವತಿ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ಹತ್ತಿಸುವ ವ್ಯಾಯಾಮ ಮಾಡುತ್ತ ನಿಂತಿದ್ದಳು. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಬಲಗೈ ಮೊಳೆ ಹೊಡೆದಂತೆ ನಿಂತುಬಿಟ್ಟಿತು. ಒಳಗಿನಿಂದ ಮಗಳು ಕೃಪಾ ಕರೆದಳು. ಸ್ನಾನದ ಹೊತ್ತಾಗಿತ್ತು.

ಕೃಪಾಳಿಗೆ ಇಪ್ಪತ್ತೆರಡು. ಬುದ್ಧಿ ಬಲು ಚುರುಕು, ಕಾಲುಗಳಲ್ಲಿ ಮಾತ್ರ ಹುಟ್ಟಿದಾಗಿನಿಂದ ಬಲವಿಲ್ಲ. ಪಾರ್ವತಿಯ ಗಂಡ ಲಿಂಗರಾಜನಿಗೆ ಧಾರವಾಡದಿಂದ ವಡೋದರಾದ ಬ್ಯಾಂಕಿಗೆ ವರ್ಗವಾದಾಗ ಅವಳಿನ್ನೂ ಮೂರು ವರ್ಷದ ಕೂಸು. ಅವಳ ಶಾಲೆ, ಡಾಕ್ಟರು ತಪ್ಪದಿರಲೆಂದು ಅವನು ಬಡ್ತಿ ಬಿಟ್ಟು ಇಲ್ಲಿಯೇ ಉಳಿದಿದ್ದ. ಅವಳನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುತ್ತ ಬಂದದ್ದು ಪಾರ್ವತಿಯ ಕೈಗಳು.

ಭುಜ ಬಿಗಿದುಕೊಂಡು ಐದು ತಿಂಗಳಾಗಿತ್ತು. ಅಲ್ಕಾಪುರಿ ಬಡಾವಣೆಯ ಫಿಸಿಯೋಥೆರಪಿಸ್ಟ್ ಬಿಸಿನೀರಿನ ಚೀಲದ ಶಾಖ, ಮನೆಯಲ್ಲೇ ಮಾಡುವ ನಾಲ್ಕಾರು ವ್ಯಾಯಾಮ ಹೇಳಿಕೊಟ್ಟು, ಸರಿಹೋಗಲು ಒಂದೆರಡು ವರ್ಷವಾದರೂ ಹಿಡಿಯುತ್ತದೆ, ಭಾರ ಎತ್ತಲೇಬಾರದು ಎಂದಿದ್ದಳು. ಪಾರ್ವತಿ ತಲೆಯಾಡಿಸಿ ಬಂದಿದ್ದಳು. ಸಹಾಯಕ್ಕೆ ಬಂದ ಇಬ್ಬರು ಹೆಂಗಸರು ವಾರವೂ ನಿಲ್ಲಲಿಲ್ಲ. ಅಪ್ಪ ಸ್ನಾನ ಮಾಡಿಸುವುದನ್ನು ಕೃಪಾ ಒಪ್ಪಲಿಲ್ಲ.

ಅಂದು ಬಚ್ಚಲಿನ ಸ್ಟೂಲಿನಿಂದ ಎತ್ತುವಾಗ ಭುಜದೊಳಗೆ ಏನೋ ಸೀಳಿದಂತಾಯಿತು. ಕೈ ತಾನಾಗಿಯೇ ಸಡಿಲಿತು. ಕೃಪಾ ಜಾರಿ ಬಿದ್ದಳು. ಹಣೆ ನಲ್ಲಿಗೆ ತಾಗಿ ರಕ್ತ ಬಂತು. ಪಾರ್ವತಿಗೆ ಅವಳನ್ನು ಮತ್ತೆ ಎತ್ತಲಾಗಲಿಲ್ಲ. ಫೋನ್ ಮಾಡಿದ ಮೇಲೆ ಲಿಂಗರಾಜ ಬ್ಯಾಂಕಿನಿಂದ ಬರುವವರೆಗೆ ಮುಕ್ಕಾಲು ಗಂಟೆ, ಮಗಳಿಗೆ ಟವೆಲ್ ಹೊದಿಸಿ, ಒದ್ದೆ ನೆಲದ ಮೇಲೆ ಪಕ್ಕದಲ್ಲೇ ಕೂತಿದ್ದಳು.

ಹಣೆಗೆ ಮೂರು ಹೊಲಿಗೆ ಬಿದ್ದವು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕೃಪಾ, ಅಹಮದಾಬಾದಿನಲ್ಲಿ ಅಂಗವಿಕಲರಿಗಾಗಿ ಇರುವ ಒಂದು ವಸತಿ ಕೇಂದ್ರಕ್ಕೆ ತಾನೇ ಫೋನ್ ಮಾಡಿದ್ದಾಗಿಯೂ ಅಲ್ಲಿ ಜಾಗವಿರುವುದಾಗಿಯೂ ಹೇಳಿದಳು.

"ನನ್ನ ಕೈ ಆರಾಮಾಗೂತನಕ ತಡಿ" ಎಂದಳು ಪಾರ್ವತಿ. "ದಿನಾ ಮಾಡಾಕತ್ತೀನಲ್ಲ ಎಕ್ಸರ್ಸೈಜ್."

"ಮಮ್ಮಿ, ನೀ ಎತ್ತುವಾಗ ನಾ ಬ್ರೆತ್ ಹೋಲ್ಡ್ ಮಾಡ್ತೀನಿ. ರೋಜ್, ದಿನಾನೂ. ನಿಂಗೆ ಗೊತ್ತೇ ಇಲ್ಲ."

ಲಿಂಗರಾಜ ತಟ್ಟೆ ಬಿಟ್ಟೆದ್ದು ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಮುಂದಿನ ವಾರ ಅವಳನ್ನು ಬಿಟ್ಟುಬರಲು ಹೋದರು. ಕೇಂದ್ರದ ಮೇಲ್ವಿಚಾರಕಿ ಇಂದುಮತಿಬೆನ್ ದಪ್ಪ ತೋಳಿನ ಹೆಂಗಸು. ಕೃಪಾ ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾಳೆ, ಏನು ತಿನ್ನುವುದಿಲ್ಲ ಎಂದು ಪಾರ್ವತಿ ಹೇಳುತ್ತಿರುವಾಗಲೇ ಅವಳು ಬಗ್ಗಿ ಕೃಪಾಳನ್ನು ಒಂದೇ ಸಲಕ್ಕೆ ಎತ್ತಿ ಮಂಚದ ಮೇಲೆ ಕೂರಿಸಿದಳು. ಪಾರ್ವತಿ ಮಗಳ ಮುಖವನ್ನೇ ನೋಡುತ್ತಿದ್ದಳು. ಕೃಪಾ ಉಸಿರು ಹಿಡಿಯಲಿಲ್ಲ. ಎತ್ತಿಸಿಕೊಳ್ಳುತ್ತಲೇ ಏನೋ ಹೇಳಿ ನಗುತ್ತಿದ್ದಳು. ತಾನು ಹೇಳುತ್ತಿದ್ದ ಮಾತು ಪಾರ್ವತಿಗೆ ಮರೆತುಹೋಯಿತು.

ವಾಪಸು ಬರುವ ರೈಲಿನಲ್ಲಿ ಗಂಡಹೆಂಡತಿ ಎದುರುಬದುರು ಕೂತರು. ನಡಿಯಾದ್ ಸ್ಟೇಶನ್ನಿನಲ್ಲಿ ಹತ್ತಿದ ಒಬ್ಬ ಹೆಂಗಸು ಚೀಲಗಳನ್ನು ಮೇಲಿಡಬೇಕಾಗಿ, "ಬೆನ್, ಜರಾ ಪಕಡ್ಜೋ ನೆ" ಎನ್ನುತ್ತ ತನ್ನ ಮಗುವನ್ನು ಸ್ವಲ್ಪ ಹಿಡಿದುಕೊಳ್ಳಲೆಂದು ಪಾರ್ವತಿಯತ್ತ ಚಾಚಿದಳು. ಪಾರ್ವತಿಯ ಎರಡೂ ಕೈಗಳು ಮಡಿಲಲ್ಲೇ ಉಳಿದವು. ಲಿಂಗರಾಜ ಗಡಬಡಿಸಿ ಎದ್ದು ಮಗುವನ್ನು ಇಸಿದುಕೊಂಡ. ಅದು ಅವನ ತೊಡೆಯ ಮೇಲೆ ನಿಲ್ಲದೆ, ಪಾರ್ವತಿಯ ಕಡೆಗೇ ವಾಲಿ ತೋಳು ನೀಡಿತು. ಅವಳು ಕಿಟಕಿಯತ್ತ ತಿರುಗಿದಳು. ಹೊರಗೆ ತಂಬಾಕಿನ ಹೊಲಗಳು ಒಂದರ ಹಿಂದೊಂದು ಹಿಂದಕ್ಕೆ ಸರಿಯುತ್ತಿದ್ದವು.