ಕೀಪರ್ ಹೇಳಿದ ಮಾತು

ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಮಧುಕರ್ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಪ್ರಶ್ನೆ ಬರೆದಿದ್ದರು: ‘ಕೀಪರ್ ಏನೆಂದ?’

ಕೆಂಪರಾಜ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಅವರಿಗೆ ಅರವತ್ತೆಂಟು ವರ್ಷ. ಅವರ ಬದುಕನ್ನು ಮಧುಕರ್ ಪುಸ್ತಕವಾಗಿ ಬರೆಯುತ್ತಿದ್ದರು. ಮಧುಕರ್ ಮೂವತ್ತೊಂದು ವರ್ಷ ಪತ್ರಿಕೆಯ ಕ್ರೀಡಾ ಪುಟ ನೋಡಿಕೊಂಡು ನಿವೃತ್ತರಾದ ಮನುಷ್ಯ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಿಂದಲೂ ಕೇಳದೆ ಒಂದು ಸಾಲನ್ನೂ ಒಪ್ಪುವವರಲ್ಲ. ಮೊದಲ ಮೂರು ಅಧ್ಯಾಯಗಳಲ್ಲಿ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಬಿನ್ನಮಂಗಲದಲ್ಲಿ ಅಪ್ಪ ರಾಮಾಂಜಿನಪ್ಪನವರ ಸೊಪ್ಪಿನ ತೋಟ ಎಲ್ಲಿತ್ತು, ಬಡಾವಣೆಗೆಂದು ಅದು ಹೇಗೆ ಹೋಯಿತು, ತೋಟದ ಬಾವಿಯ ಗೋಡೆಗೆ ಚೆಂಡು ಎಸೆದು ಎಸೆದು ಮಗ ಹೇಗೆ ಬೌಲಿಂಗ್ ಕಲಿತ ಎಂಬುದನ್ನೆಲ್ಲ ಜೋಗುಪಾಳ್ಯದ ಹಳಬರು ಸಂತೋಷದಿಂದ ದೃಢಪಡಿಸಿದ್ದರು. ಬಾವಿ ಇದ್ದ ಕಡೆ ಈಗ ಮೂರು ಅಂತಸ್ತಿನ ಬಟ್ಟೆ ಅಂಗಡಿ ಇದೆ.

ಭಾರತದ ಪರ ಆರು ಟೆಸ್ಟ್, ಇಪ್ಪತ್ತೆರಡು ಏಕದಿನ ಪಂದ್ಯ. ಏಳನೆಯ ಕ್ರಮಾಂಕದಲ್ಲಿ ಬ್ಯಾಟಿಂಗ್, ಮಧ್ಯಮ ವೇಗದ ಬೌಲಿಂಗ್. 1983ರ ವಿಶ್ವಕಪ್‌ಗೆ ಹೋದ ಹದಿನಾಲ್ವರಲ್ಲಿ ಕೆಂಪರಾಜ್ ಇರಲಿಲ್ಲ. ಅದಕ್ಕೆ ಎರಡು ತಿಂಗಳ ಮೊದಲು ಮಂಡಿ ಕೈಕೊಟ್ಟಿತ್ತು. ಆದರೂ ಹಲಸೂರಿನ ಕಡೆ ಹೋದರೆ ವಯಸ್ಸಾದವರು ಇವತ್ತಿಗೂ ತಡೆದು ನಿಲ್ಲಿಸುತ್ತಾರೆ. ಕೇಳುವುದು ಒಂದೇ: “ಸರ್, ಆ ಸ್ಲೋ ಬಾಲು ಹೆಂಗ್ ಹಾಕ್ತಿದ್ರಿ?”

ನಾಲ್ಕನೆಯ ಅಧ್ಯಾಯ ಆ ನಿಧಾನ ಎಸೆತದ ಹುಟ್ಟಿನ ಕಥೆ. 1979ರ ನವೆಂಬರ್ 18, ಭಾನುವಾರ, ಕಂಟೋನ್ಮೆಂಟ್ ಶೀಲ್ಡ್ ಫೈನಲ್. ‘ಆ ಕ್ಷಣ ನನ್ನ ತಲೆಗೆ ಹೊಳೆಯಿತು’ ಎಂದು ಕೆಂಪರಾಜ್ ಕಡಿಮೆಯೆಂದರೂ ಐವತ್ತು ಸಂದರ್ಶನಗಳಲ್ಲಿ ಹೇಳಿದ್ದರು.

“ಅಂಪೈರ್ ರಿಪೋರ್ಟ್ ಸಿಕ್ತು ಸರ್,” ಎಂದರು ಮಧುಕರ್. “ಕ್ಲಬ್ಬಿನ ಹಳೇ ಸೆಕ್ರೆಟರಿ ಮನೆ ಅಟ್ಟದ ಮೇಲಿತ್ತು. ‘ಬ್ಯಾಟ್ಸ್‌ಮನ್ನಿನ ಹಲ್ಲು ಮುರಿಯುವಂತೆ ಕೀಪರ್ ಕೂಗಿ ಹೇಳಿದ್ದಾರೆ’ ಅಂತ ಬರ್ದಿದಾರೆ. ಆ ಸೀಸನ್ ಪೂರ್ತಿ ಅವರನ್ನ ಹೊರಗಿಟ್ರಂತೆ. ನೀವು ಇದನ್ನ ಹೇಳೇ ಇಲ್ವಲ್ಲ?”

“ಪುಸ್ತಕಕ್ಕೆ ಅದೆಲ್ಲ ಬೇಕಾ ಮಧುಕರ್?”

“ಬೇಡ ಅಂದ್ರೆ ಬಿಡೋಣ. ಆದ್ರೆ ಒಂದ್ಸಲ ಅವರನ್ನ ಕೇಳ್ಕೊಂಡ್ ಬರ್ತೀನಿ. ಅಹ್ಮದ್ ಪಾಷಾ, ಶಿವಾಜಿನಗರ. ಇದಾರಂತಲ್ಲ?”

“ಇದಾನೆ.” ಕೆಂಪರಾಜ್ ಎದ್ದು ನಿಂತರು. “ನಡೀರಿ, ನಾನೂ ಬರ್ತೀನಿ.”

ಅಡುಗೆಮನೆಯಿಂದ ಹೆಂಡತಿ ಹಂಸ ಕೂಗಿದರು. “ಬೆಳಗ್ಗೆ ಹಾಲು ತರಕ್ಕೆ ಮಂಡಿ ನೋವು. ಪಾಷಣ್ಣನ ಮನೆ ಅಂದ್ರೆ ಮಾತ್ರ ವಾಸಿಯಾಗ್ಬಿಡುತ್ತೆ ಅಲ್ವೇನ್ರೀ?”

ಆಟೊ ಹಲಸೂರು ಕೆರೆ ಬಳಸಿಕೊಂಡು ಹೋಯಿತು. ಕೆಂಪರಾಜ್ ಕೆರೆಯ ಕಡೆ ನೋಡುತ್ತ ಕೂತರು. ಇದೇ ದಾರಿಯಲ್ಲಿ ಅವರು ಮತ್ತು ಪಾಷಾ ಭಾನುವಾರ ಬೆಳಗ್ಗೆ ಪಿಚ್ ಮೇಲೆ ಹಾಸುವ ನಾರಿನ ಮ್ಯಾಟನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಮುಂದಿನ ತುದಿ ಪಾಷಾದು, ಹಿಂದಿನದು ಕೆಂಪರಾಜ್‌ದು. ಇಬ್ಬನಿಗೆ ನೆನೆದರೆ ಮ್ಯಾಟು ಎರಡು ಪಾಲು ಭಾರವಾಗಿ ಹಸಿ ತೆಂಗಿನ ನಾರಿನ ವಾಸನೆ ಬರುತ್ತಿತ್ತು. ಮೈದಾನದಲ್ಲಿ ಅದನ್ನು ಎಳೆದು ಬಿಗಿ ಮಾಡಿ ಸುತ್ತ ಮೊಳೆ ಹೊಡೆಯಬೇಕು. ಪಾಷಾ ಮೊಳೆ ಹೊಡೆಯುವಾಗ ಹಾಡು, ಬೈಗುಳ ಎಲ್ಲ ಮನೆಮಾತಿನಲ್ಲೇ. ಮೂರು ವರ್ಷ ಹೀಗೆ ಜೊತೆಗೆ ನಡೆದು ಕೆಂಪರಾಜ್‌ಗೆ ಆ ದಖ್ಖನಿ ಉರ್ದು ಪೂರ್ತಿ ಬರುತ್ತಿತ್ತು. ‘ಹಲ್ಲು’ ಎಂದರೆ ಆ ಮಾತಿನಲ್ಲಿ ‘ನಿಧಾನ’. ಮ್ಯಾಟು ಹೊತ್ತು ಇಳಿಜಾರಿನಲ್ಲಿ ಕೆಂಪರಾಜ್ ಅವಸರ ಮಾಡಿದರೆ ಮುಂದಿನಿಂದ ಪಾಷಾ ಕೂಗುತ್ತಿದ್ದುದು ಅದನ್ನೇ: “ಹಲ್ಲು ಚಲ್ ರೇ, ಹಲ್ಲು!”

ಫೈನಲ್‌ನಲ್ಲಿ ಎದುರಾಳಿ ಮಲ್ಲೇಶ್ವರದ ಕಡೆಯ ತಂಡ. ಅವರ ಆರಂಭಿಕ ಆಟಗಾರ 84 ರನ್ ಮಾಡಿ ನಿಂತಿದ್ದ. ಮ್ಯಾಟಿನ ಮೇಲೆ ಚೆಂಡು ಎದೆಯೆತ್ತರ ಏಳುತ್ತಿತ್ತು. ಹೆಲ್ಮೆಟ್ ಯಾರಿಗೂ ಇರಲಿಲ್ಲ. ಕೆಂಪರಾಜ್ ಹಾಕಿದ ಒಂದು ಎಸೆತ ಅವನ ಭುಜಕ್ಕೆ ಬಡಿಯಿತು. ಮುಂದಿನದಕ್ಕೆ ಓಡಿ ಬರುವಾಗ ಸ್ಟಂಪಿನ ಹಿಂದಿನಿಂದ ಪಾಷಾ ಕೂಗಿದರು: “ಹಲ್ಲು, ಕೆಂಪಾ, ಹಲ್ಲು!”

ಕನ್ನಡ ಮಾತ್ರ ಬಲ್ಲ ಬ್ಯಾಟ್ಸ್‌ಮನ್‌ಗೆ ಕೇಳಿಸಿದ್ದು ತನ್ನ ಬಾಯೊಳಗಿನ ಹಲ್ಲು. ಅವನು ಹಿಂದೆ ಸರಿದು ಬ್ಯಾಟನ್ನು ಮುಖಕ್ಕೆ ಅಡ್ಡ ಹಿಡಿದ. ಚೆಂಡು ಸಾವಕಾಶವಾಗಿ ಬಂದು ಬ್ಯಾಟಿನ ಕೆಳಗೆ ಹಾದು ಬೇಲ್ಸ್ ಉರುಳಿಸಿತು. ನೋಡುತ್ತಿದ್ದ ಆಯ್ಕೆಗಾರರೊಬ್ಬರು ಸಂಜೆ ಬೆನ್ನು ತಟ್ಟಿದರು: “ನಿಂಗೆ ತಲೆ ಇದೆ ಕಣಯ್ಯ. ಮುಂದಿನ ವಾರ ರಾಜ್ಯ ತಂಡದ ಪ್ರಾಕ್ಟೀಸಿಗೆ ಬಾ.”

ಎದುರಾಳಿ ತಂಡ ದೂರು ಕೊಟ್ಟಿತು. ಮೂರು ದಿನದ ನಂತರ ಪಂದ್ಯಾವಳಿಯ ಸಮಿತಿ ಇಬ್ಬರನ್ನೂ ಕರೆಸಿತು. ಸಮಿತಿಯಲ್ಲಿದ್ದ ಮೂವರಿಗೂ ದಖ್ಖನಿ ಬರುತ್ತಿರಲಿಲ್ಲ. ಕಚೇರಿಯ ಕೆಳಗಿನ ಬೀದಿಯಲ್ಲಿ ಯಾವ ಅಂಗಡಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು, ಕೇಳಲಿಲ್ಲ. ಕೆಂಪರಾಜ್‌ನನ್ನು ಕೇಳಿದರು. “ಅವರ ಭಾಷೇಲಿ ಹಲ್ಲು ಅಂದ್ರೆ ನಿಧಾನ, ಬೌಲರ್‌ಗೆ ಹೇಳಿದ್ದು ಅಂತಾನೆ ನಿನ್ ಕೀಪರ್. ಹೌದೇನಪ್ಪ?”

ಹೌದು ಎಂದರೆ ಆಯ್ಕೆಗಾರರು ಮೆಚ್ಚಿದ ಆ ತಲೆ ಪಾಷಾನದಾಗುತ್ತಿತ್ತು. ಇಪ್ಪತ್ತಮೂರು ವರ್ಷದ ಕೆಂಪರಾಜ್ ಹೇಳಿದ: “ನಂಗೇನೂ ಕೇಳಿಸ್ಲಿಲ್ಲ ಸರ್.”

ಆ ವರ್ಷ ರಾಜ್ಯ ತಂಡದಲ್ಲಿ ಕೀಪರ್ ಸ್ಥಾನ ಖಾಲಿಯಿತ್ತು, ಪಟ್ಟಿಯಲ್ಲಿ ಪಾಷಾ ಹೆಸರಿತ್ತು. ಶಿಕ್ಷೆ ಮುಗಿಯುವಷ್ಟರಲ್ಲಿ ಅಲ್ಲಿ ಬೇರೊಬ್ಬ ತಳವೂರಿದ್ದ. ಪಾಷಾ ತಂದೆಯ ಸ್ಕೂಟರ್ ಸೀಟ್ ಹೊಲಿಯುವ ಅಂಗಡಿಯಲ್ಲಿ ಕೂತರು. ಆಮೇಲೆ ನಲವತ್ತೈದು ರಂಜಾನ್, ನಲವತ್ತೈದು ಯುಗಾದಿ ಇಬ್ಬರೂ ಒಬ್ಬರ ಮನೆಯಲ್ಲಿ ಒಬ್ಬರು ಉಂಡಿದ್ದಾರೆ. ಆ ಚೆಂಡಿನ ಮಾತು ಒಮ್ಮೆಯೂ ಬಂದಿಲ್ಲ.

ಅಂಗಡಿಯ ಮೇಲಿನ ಮನೆಯಲ್ಲಿ ಪಾಷಾ ದಿಂಬಿಗೆ ಒರಗಿ ಕೂತಿದ್ದರು. ಎದೆಯಲ್ಲಿ ಎರಡು ಸ್ಟೆಂಟ್ ಬಿದ್ದ ಮೇಲೆ ಮೆಟ್ಟಿಲು ಇಳಿಯುವುದು ದಿನಕ್ಕೊಮ್ಮೆ ಮಾತ್ರ. ಕೈಬೆರಳುಗಳು ಹಳೆಯ ಕೀಪರ್‌ಗಳಿಗೆ ಆಗುವಂತೆ ಒಂದೊಂದು ದಿಕ್ಕಿಗೆ ತಿರುಗಿದ್ದವು.

“ಬಾರೋ ಟೆಸ್ಟ್ ಪ್ಲೇಯರ್! ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಏನ್ ದಾರಿ ತಪ್ಪಿ ಬಂದ್ಬಿಟ್ಟೆ?”

ಪಾಷಾ ಹೆಂಡತಿ ಸುರಯ್ಯಾ ಹಾಲಿಲ್ಲದ ಸುಲೇಮಾನಿ ಚಹಾ ತಂದಿಟ್ಟರು. ಮಧುಕರ್ ಸುತ್ತು ಬಳಸದೆ ಅಂಪೈರ್ ವರದಿಯ ಪ್ರತಿ ಮುಂದಿಟ್ಟು ಕೇಳಿದರು. ಪಾಷಾ ಕಾಗದ ನೋಡಿದರು, ಆಮೇಲೆ ಕೆಂಪರಾಜ್ ಮುಖ ನೋಡಿದರು.

“ಹೌದು ಸರ್, ಕೂಗಿದ್ದು ನಾನೇ. ಆದ್ರೆ ಇವನಿಗೆ ಕೇಳಿಸ್ಲಿಲ್ಲ ಬಿಡಿ. ಗ್ರೌಂಡ್ ಪಕ್ಕಾನೇ ರೈಲ್ವೆ ಲೈನು, ಮದ್ರಾಸ್ ರೈಲು ಹೋಗ್ತಿತ್ತು. ಆ ಸದ್ದಲ್ಲಿ ಏನ್ ಕೇಳ್ಸುತ್ತೆ? ಸ್ಲೋ ಬಾಲು ಇವನ ಸ್ವಂತ ದಿಮಾಗು.”

“ವಿಕೆಟ್ ಬಿದ್ದಿದ್ದು ಎಷ್ಟೊತ್ತಿಗೆ?” ಮಧುಕರ್ ಬರೆದುಕೊಂಡರು. “ಯಾವ ರೈಲು ಅಂತ ಹಳೇ ವೇಳಾಪಟ್ಟಿ ನೋಡ್ತೀನಿ.”

“ವೇಳಾಪಟ್ಟಿ ನೋಡಿ ಏನ್ಮಾಡ್ತೀರಾ ಸರ್? ನಮ್ ರೈಲು ಯಾವತ್ತು ಟೈಮಿಗೆ ಬಂದಿದೆ?”

ಬಾಗಿಲಲ್ಲಿ ನಿಂತಿದ್ದ ಸುರಯ್ಯಾ ನಕ್ಕರು. “ರೈಲಿನ್ ಕಥೆ ನಮ್ ಮಕ್ಳಿಗೆಲ್ಲ ಬಾಯಿಪಾಠ. ‘ಕೆಂಪು ಚಾಚಾದು ತಪ್ಪಿಲ್ಲ, ರೈಲಿಂದು ತಪ್ಪು’ ಅಂತಾರೆ.”

ಕೆಂಪರಾಜ್‌ಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಮೈದಾನದ ಪಕ್ಕ ಹಳಿ ಇದ್ದದ್ದು ನಿಜ. ಆದರೆ ಆಗ ಎಷ್ಟು ನಿಶ್ಶಬ್ದವಿತ್ತೆಂದರೆ ಮ್ಯಾಟಿನ ಮೇಲೆ ಬೇಲ್ಸ್ ಬಿದ್ದ ಸದ್ದೂ ಕೇಳಿಸಿತ್ತು. ರೈಲನ್ನು ತಂದು ನಿಲ್ಲಿಸಿದವನು ಪಾಷಾ. ಇಲ್ಲದ ರೈಲನ್ನು ತರಬೇಕಾಗಿ ಬಂದದ್ದು ಯಾಕೆಂದು ಯೋಚಿಸಿದರೆ ಉತ್ತರ ಒಂದೇ ಇತ್ತು.

“ರೈಲು ಬಂದಿರ್ಲಿಲ್ಲ, ಪಾಷಾ.”

“ಸುಮ್ನಿರೋ ಕೆಂಪಾ. ನಕ್ಕೋ. ಬೇಡ.”

“ನಂಗೆ ಕೇಳಿಸ್ತು. ಬೌನ್ಸರ್ ಹಾಕಕ್ಕೆ ಅಂತ ಓಡಿ ಬರ್ತಿದ್ದೆ. ನೀನು ಕೂಗಿದ್ಮೇಲೆ ಚೆಂಡಿನ ಮೇಲಿನ ಬೆರಳು ಬದಲಾಯಿಸ್ದೆ. ಕಮಿಟಿ ಮುಂದೆ ಸುಳ್ಳು ಹೇಳ್ದೆ.”

ಮಧುಕರ್ ಪೆನ್ನು ಕೆಳಗಿಟ್ಟರು. ಕೆಳಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರ ಒಂದು ಸೀಟು ಮುಗಿಸಿತು.

“ನಂಗ್ ಗೊತ್ತಿಲ್ವೇನೋ?” ಎಂದರು ಪಾಷಾ. ದನಿ ಏರಲಿಲ್ಲ. “ಕೀಪರ್ ಕಣೋ ನಾನು. ನನ್ ಕಣ್ಣು ಇದ್ದಿದ್ದೇ ನಿನ್ ಕೈ ಮೇಲೆ. ಬೆರಳು ಬದ್ಲಾಗಿದ್ದು ಕಾಣ್ಸಲ್ವಾ?”

“ಮತ್ತೆ ರೈಲು ಅಂತ ಯಾಕೆ...”

“ಮನೇಲಿ ಏನಂತ ಹೇಳ್ಲಿ? ದೋಸ್ತು ಕೈಕೊಟ್ಟ ಅಂತ್ಲಾ? ಹಂಗಂದಿದ್ರೆ ಇವ್ರು ನಿನ್ನ ಹೊಸಲು ದಾಟಕ್ಕೆ ಬಿಡ್ತಿದ್ರಾ? ಕ್ರಿಕೆಟ್ ಹೋಯ್ತು. ಜೊತೆಗೆ ನೀನೂ ಹೋಗ್ಬೇಕಿತ್ತಾ?”

ಸುರಯ್ಯಾ ಮುಂದೆ ಬಂದು ಕೆಂಪರಾಜ್ ಎದುರಿನ ಅರ್ಧ ಕುಡಿದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಮಧುಕರ್ ಮುಂದಿದ್ದ ಲೋಟವನ್ನು ಅಲ್ಲೇ ಬಿಟ್ಟರು.

ಪಾಷಾ ಅದನ್ನು ನೋಡಿದರು. ದಿಂಬು ಬಿಟ್ಟು ನೆಟ್ಟಗೆ ಕೂತರು. “ಬರ್ಕೊಳ್ಳಿ ಸರ್. ಈಗ ಸರಿಯಾಗಿ ಹೇಳ್ತೀನಿ.”

ಆ ಓವರನ್ನು ಅವರು ಎಸೆತ ಎಸೆತವಾಗಿ ಹೇಳಿದರು. ಮೊದಲನೆಯದು ಆಫ್ ಸ್ಟಂಪಿನ ಹೊರಗೆ, ಬಿಟ್ಟ. ಎರಡನೆಯದು ಕಾಲಿನ ಕಡೆ, ಒಂದು ರನ್ ತಡೆದೆ. ಮೂರನೆಯದು ಭುಜಕ್ಕೆ. ಬಿಸಿಲು ಯಾವ ಕಡೆಗಿತ್ತು, ಥರ್ಡ್ ಮ್ಯಾನ್ ಫೀಲ್ಡರ್ ಎಷ್ಟು ದೂರ ನಿಂತಿದ್ದ, ಮ್ಯಾಟಿನ ಯಾವ ಮೂಲೆಯಲ್ಲಿ ಮೊಳೆ ಸಡಿಲವಾಗಿ ಅಂಚು ಎದ್ದಿತ್ತು, ಬ್ಯಾಟ್ಸ್‌ಮನ್ ಮುಂದಿನ ಕಾಲು ಇಡಲು ಹೆದರುತ್ತಿದ್ದುದನ್ನು ತಾನು ಯಾವಾಗ ಗಮನಿಸಿದೆ, ಎಲ್ಲ ಬಂತು. ಹೇಳುತ್ತ ಹೇಳುತ್ತ ತಿರುಚಿದ ಬೆರಳುಗಳು ತಾವಾಗಿಯೇ ಬಟ್ಟಲಾಗಿ ಕೂಡಿಕೊಂಡವು. ನಲವತ್ತೈದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಓವರ್ ಅದು. ಕೆಂಪರಾಜ್‌ಗೆ ತಡೆಯಲಾಗಲಿಲ್ಲ.

“ಥರ್ಡ್ ಮ್ಯಾನ್ ಇರ್ಲಿಲ್ಲ ಕಣೋ ಆಗ. ಅವನನ್ನ ಹತ್ತಿರಕ್ಕೆ, ಗಲ್ಲಿ ಪೊಸಿಷನ್‌ಗೆ ಕರೆಸ್ಕೊಂಡಿದ್ವಿ.”

“ನಿನ್ನ ಕೇಳಿದ್ನಾ?” ಎಂದು ಪಾಷಾ ಗದರಿದರು. ಆಮೇಲೆ ಮಧುಕರ್ ಕಡೆ ತಿರುಗಿದರು. “ಗಲ್ಲಿ ಅಂತ ಬರ್ಕೊಳ್ಳಿ. ಅದು ಅವನು ಹೇಳಿದ್ದೇ ಸರಿ.”

ಹೊರಡುವಾಗ ಕೆಂಪರಾಜ್ ಕೈ ಚಾಚಿದರು. ಪಾಷಾ ತಮ್ಮ ಕೈ ಚಾಚಲಿಲ್ಲ.

“ಪುಸ್ತಕ ಅಚ್ಚಾದ್ಮೇಲೆ ಬಾ. ಅಲ್ಲೀವರ್ಗೂ ಬೇಡ.”

“ಹಬ್ಬಕ್ಕೆ?”

“ಪುಸ್ತಕ ಬಂದ್ಮೇಲೆ ಅಂದೆ.”

“ಕನ್ನಡ ಓದಕ್ಕೆ ಎಲ್ ಬರುತ್ತೋ ನಿಂಗೆ?”

“ಮೊಮ್ಮಗಳು ಅಲಿಯಾ ಓದ್ತಾಳೆ. ಮನೆಯೋರೆಲ್ಲ ಕೂತು ಕೇಳ್ತೀವಿ. ಇವಳೂ ಕೇಳ್ಲಿ.” ಪಾಷಾ ಒಳಕೋಣೆಯ ಕಡೆ ಕತ್ತು ತಿರುಗಿಸಿದರು. “ಬೇರೆಯೋರು ಹೇಳಿದ್ದಲ್ಲ, ನೀನು ಹೇಳಿದ್ದು ಅಂತ ಇರ್ಬೇಕು ಅದ್ರಲ್ಲಿ. ಆಮೇಲೆ ನೋಡೋಣ.”

ಮೆಟ್ಟಿಲಿಳಿದು ಬೀದಿಗೆ ಬಂದಾಗ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಮುಂದೆ ಗಾಡಿಗಳು ಕಿಕ್ಕಿರಿದಿದ್ದವು. ಮಧುಕರ್ ತಮ್ಮ ಟಿಪ್ಪಣಿ ಮಡಚಿ ಜೇಬಿಗಿಟ್ಟರು.

“ಅಧ್ಯಾಯ ಪೂರ್ತಿ ಬೇರೆ ಬರೀಬೇಕು ಸರ್. ಏಳರಲ್ಲೂ ಹನ್ನೊಂದರಲ್ಲೂ ಇದೇ ಮಾತು ಬಂದಿದೆ, ಮುನ್ನುಡೀಲೂ ಇದೆ. ಅದನ್ನೆಲ್ಲ ತೆಗೆದ್ರೆ ನಿಮ್ಮ ಹೆಸರಿಗೆ... ಯೋಚ್ನೆ ಮಾಡಿ. ಹೆಂಗಿದ್ರೂ ಎರಡು ತಿಂಗಳು ಹಿಡಿಯುತ್ತೆ.”

“ತೆಗೀರಿ. ಎರಡು ತಿಂಗಳು ಬೇಡ. ನಾಳೆ ಬೆಳಗ್ಗೆ ಏಳು ಗಂಟೆಗೆ ಬನ್ನಿ, ನಾನು ಹೇಳ್ತಾ ಹೋಗ್ತೀನಿ. ಅವನಿಗೆ ಎಪ್ಪತ್ತೊಂದು.”

ಮಧುಕರ್ ಅಭ್ಯಾಸಬಲದಿಂದ ಮತ್ತೆ ಟಿಪ್ಪಣಿ ಹೊರತೆಗೆದರು. “ಹುಟ್ಟಿದ ತಾರೀಖು ಗೊತ್ತಾ?”

“1953, ಮಾರ್ಚ್ 9. ಸೋಮವಾರ,” ಎಂದರು ಕೆಂಪರಾಜ್, ಆಟೊಗೆ ಕೈ ಅಡ್ಡ ಹಿಡಿಯುತ್ತ.